ನೆರಳಿನ ಪಂಕ್ತಿಭೇದ

ದಾಸೋಹದ ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಒಂದೇ ಬಗೆಯಾಗಿ ಬಡಿಸಬೇಕೆಂಬುದು ನಮ್ಮ ಮಠಗಳಲ್ಲಿ ಹಿಂದಿನಿಂದ ನಡೆದುಬಂದ ಕಟ್ಟಳೆ. ಮುಂದಿನ ಸಾಲಿಗೆ ತುಪ್ಪ, ಹಿಂದಿನ ಸಾಲಿಗೆ ಬರಿಯ ತಿಳಿಸಾರು ಎಂದಾದರೆ ಅದನ್ನು ಪಂಕ್ತಿಭೇದವೆಂದು ಕರೆಯುತ್ತೇವೆ. ಹಾಗೆ ಬಡಿಸಿದವನ ಕೈಯನ್ನು ಹಿರಿಯರು ಅಲ್ಲಿಯೇ ಹಿಡಿದು ನಿಲ್ಲಿಸುತ್ತಾರೆ. ಅನ್ನದ ವಿಷಯದಲ್ಲಿ ಇಷ್ಟು ಎಚ್ಚರವುಳ್ಳವರಾದ ನಾವು ಊರಿನ ನೆರಳಿನಲ್ಲಿ ನಡೆದಿರುವ ಪಂಕ್ತಿಭೇದವನ್ನು ಗಮನಿಸಿದ್ದೇವೆಯೇ ಎಂಬುದು ಈ ತಿಂಗಳ ಪಾಠದ ವಿಚಾರವಾಗಿದೆ.

ವಚನಧರ್ಮದ ಪತ್ರಿಕೆಯಲ್ಲಿ ಮರಗಳ ಲೆಕ್ಕವೇಕೆ ಎಂದು ಕೆಲವರಿಗೆ ತೋರಬಹುದು. ಆದುದರಿಂದ ಮೊದಲು ಎರಡು ಶಬ್ದಗಳನ್ನು ಬಿಡಿಸಿ ನೋಡೋಣ. ‘ದಾಸೋಹ’ವೆಂಬುದು ‘ದಾಸಃ ಅಹಂ’ ಎಂಬೆರಡು ಪದಗಳು ಸಂಧಿಗೊಂಡು ‘ದಾಸೋಽಹಂ’ ಎಂದಾಗಿ, ಅದರಿಂದ ಬಂದ ಮಾತು. ‘ನಾನು ದಾಸನು’ ಎಂಬುದೇ ಅದರ ಅರ್ಥ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಕೊಳ್ಳುವವನ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಕೊಡುವವನೇ ಕೆಳಗೆ ನಿಂತು, ಇದು ನನ್ನದಲ್ಲ, ಶಿವನದನ್ನು ಶಿವನಿಗೆ ಸಲ್ಲಿಸುತ್ತಿದ್ದೇನೆ ಎಂದು ತಿಳಿಯುತ್ತಾನೆ. ‘ಪ್ರಸಾದ’ವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ತಿಳಿತನ, ಪ್ರಸನ್ನತೆ, ಅನುಗ್ರಹ ಎಂಬ ಅರ್ಥಗಳುಂಟು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವನ್ನು ವಿವರಿಸುವಾಗ ಎಲೆಯ ಮೇಲೆ ಬಿದ್ದ ಅನ್ನವೊಂದನ್ನೇ ಪ್ರಸಾದವೆಂದು ಹೇಳಿ ನಿಲ್ಲಿಸುವುದು ಸಾಲದು. ಮೈಗೆ ಸೋಂಕುವ ಗಾಳಿ, ಕುಡಿಯುವ ನೀರು, ಕಣ್ಣಿಗೆ ಬೀಳುವ ಬೆಳಕು ಎಲ್ಲವನ್ನೂ ಪ್ರಸಾದವಾಗಿ ಸ್ವೀಕರಿಸುವವನೇ ಪ್ರಸಾದಿ. ನೆಲ, ಬೆಳೆ, ಗಾಳಿಗಳ ಒಡೆತನವನ್ನೆಲ್ಲ ಶಿವನಿಗೆ ಒಪ್ಪಿಸಿ ಮಾತನಾಡಿದ ಜೇಡರ ದಾಸಿಮಯ್ಯನವರ ಅಭಿಪ್ರಾಯವೂ ಇದೇ ಆಗಿದೆ. ಅಂದಮೇಲೆ ಮರದ ನೆರಳನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡಲು ಯಾವ ಕಾರಣವೂ ಕಾಣುವುದಿಲ್ಲ.

ನೆರಳೆಂಬುದು ಎಷ್ಟರ ವಸ್ತು ಎಂಬುದನ್ನು ಈಗಿನ ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಬೆಂಗಳೂರಿನ ಬೀದಿಗಳಲ್ಲಿ ಹರಿಣಿ ನಾಗೇಂದ್ರ ಅವರೂ ಅವರ ಸಂಗಡಿಗರೂ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮರಗಳುಳ್ಳ ಬೀದಿಯನ್ನೂ ಮರಗಳಿಲ್ಲದ ಬೀದಿಯನ್ನೂ ಹೋಲಿಸಿದಾಗ, ಮಧ್ಯಾಹ್ನದ ಗಾಳಿಯ ಉಷ್ಣತೆಯು ಮರಗಳಿದ್ದಲ್ಲಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಮೆಯಿದ್ದುದು ಕಂಡುಬಂದಿತು. ಡಾಂಬರಿನ ಮೈಯಂತೂ 27.5 ಡಿಗ್ರಿಗಳವರೆಗೆ ತಂಪಾಗಿದ್ದಿತು. ಕಾಲಲ್ಲಿ ಪಾದರಕ್ಷೆಯಿಲ್ಲದೆ ನಡೆಯುವವನಿಗೆ, ರಸ್ತೆಯ ಅಂಚಿನಲ್ಲಿ ಬುಟ್ಟಿಯಿಟ್ಟುಕೊಂಡು ಕುಳಿತವಳಿಗೆ ಈ ಅಂಕೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಮರವು ಬಿಸಿಲನ್ನು ತಡೆಯುವುದಲ್ಲದೆ, ಬೇರಿನಿಂದ ಹೀರಿದ ನೀರನ್ನು ಎಲೆಗಳಿಂದ ಆವಿಯಾಗಿ ಬಿಡುತ್ತ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತದೆ. (ಕಾಲಿನಿಂದ ಕುಡಿಯುವುದು ಎಂಬರ್ಥದಲ್ಲಿ ‘ಪಾದಪ’ವೆಂದು ಮರಕ್ಕೆ ಹೆಸರಿಟ್ಟ ನಮ್ಮ ಹಿರಿಯರು ಈ ಅರ್ಧವನ್ನಾದರೂ ಬಲ್ಲವರಾಗಿದ್ದರು.) ಮರವಿಲ್ಲದ ಕಡೆ ಕಾಂಕ್ರೀಟೂ ಡಾಂಬರೂ ಹಗಲೆಲ್ಲ ಬಿಸಿಲನ್ನುಂಡು ರಾತ್ರಿ ಅದನ್ನು ಮರಳಿ ಉಗುಳುತ್ತವೆ. ತಗಡಿನ ಸೂರಿನ ಒಂದೇ ಕೋಣೆಯ ಮನೆಯಲ್ಲಿ ಕೂಸುಗಳೂ ಮುದುಕರೂ ಚೈತ್ರ ವೈಶಾಖಗಳ ರಾತ್ರಿಗಳನ್ನು ನಿದ್ರೆಯಿಲ್ಲದೆ ಕಳೆಯುವುದು ಇದರಿಂದಲೇ.

ಈ ಪ್ರಸಾದವು ಹಂಚಿಕೆಯಾಗಿರುವ ರೀತಿಯನ್ನು ಇನ್ನು ನೋಡಬೇಕು. ಬೆಂಗಳೂರನ್ನು ‘ಉದ್ಯಾನ ನಗರ’ವೆಂದು ನಾವೆಲ್ಲ ಕೊಂಡಾಡುತ್ತ ಬಂದಿದ್ದೇವೆ. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗು, 1870ರಲ್ಲಿ ಏರ್ಪಟ್ಟ ಕಬ್ಬನ್ ಉದ್ಯಾನ, 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಒಂದರ ಹೂವು ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಆರಿಸಿ ಹಾಕಿಸಿದ ಸಾಲುಮರಗಳು, 1980ರ ದಶಕದಲ್ಲಿ ಅರಣ್ಯಾಧಿಕಾರಿಗಳಾದ ನೇಗಿನಹಾಳರ ಮುಂದಾಳುತನದಲ್ಲಿ ನೆಟ್ಟ ಸುಮಾರು 15 ಲಕ್ಷ ಸಸಿಗಳು, ಇವೆಲ್ಲ ಸ್ಮರಣೆಗೆ ಯೋಗ್ಯವಾದ ಕಾರ್ಯಗಳೇ ಸರಿ. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡದವರು ಉಪಗ್ರಹಚಿತ್ರಗಳ ನೆರವಿನಿಂದ ಮರಗಳನ್ನು ಎಣಿಸಿ 2014ರಲ್ಲಿ ಪ್ರಕಟಿಸಿದ ವರದಿಯನ್ನು ನೋಡಿದರೆ ಹಿಗ್ಗು ಕುಗ್ಗುತ್ತದೆ. ಆಗಿನ ಮಹಾನಗರ ಪಾಲಿಕೆಯ ಎಲ್ಲೆಯೊಳಗೆ ಇದ್ದವು ಸುಮಾರು 14 ಲಕ್ಷ 78 ಸಾವಿರ ಮರಗಳು. ಎಂದರೆ ಏಳು ಜನರಿಗೆ ಒಂದು ಮರ. ಅದೂ ಸಮನಾಗಿ ಬಿದ್ದ ಲೆಕ್ಕವಲ್ಲ. ವರ್ತೂರು, ಬೆಳ್ಳಂದೂರು, ಅಗರ, ಅರಮನೆ ನಗರಗಳಂಥ ವಾರ್ಡುಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮರಗಳಿದ್ದರೆ, ಚಿಕ್ಕಪೇಟೆ, ಶಿವಾಜಿನಗರ, ಕೆಂಪಾಪುರ ಅಗ್ರಹಾರ, ಪಾದರಾಯನಪುರ ವಾರ್ಡುಗಳಲ್ಲಿ ನೂರು ಮರಗಳೂ ಇರಲಿಲ್ಲ. ಹೊರವಲಯದ ವಾರ್ಡುಗಳು ವಿಸ್ತಾರದಲ್ಲಿ ಬಹು ದೊಡ್ಡವು, ಪೇಟೆಯ ವಾರ್ಡುಗಳು ಅಂಗೈಯಗಲದವು ಎಂಬುದನ್ನು ನ್ಯಾಯವಾಗಿ ಇಲ್ಲಿ ಹೇಳಲೇಬೇಕು. ಆದರೂ ಸಾವಿರಾರು ಸಂಸಾರಗಳು ವಾಸಿಸುವ ಒಂದು ವಾರ್ಡಿಗೆ ನೂರು ಮರಗಳಿಲ್ಲವೆಂದರೆ ಆ ಪಂಕ್ತಿಗೆ ಬಡಿಸುವವರೇ ಬರಲಿಲ್ಲವೆಂದು ಅರ್ಥ.

ಹೀಗಾದುದು ಯಾರೋ ದ್ವೇಷದಿಂದ ಮಾಡಿದ್ದರಿಂದಲ್ಲ. ನಾಗೇಂದ್ರರ ತಂಡವು ಬೀದಿಮರಗಳನ್ನು ಕುರಿತು 2010ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು ಕಾರಣವನ್ನು ಸ್ಪಷ್ಟಪಡಿಸುತ್ತದೆ. ಅಗಲವಾದ ರಸ್ತೆಗಳಲ್ಲಿ ಮರಗಳು ಹೆಚ್ಚು, ಗಾತ್ರದಲ್ಲಿ ದೊಡ್ಡವು, ಜಾತಿಗಳೂ ಹಲವು. ಜನ ದಟ್ಟೈಸಿ ವಾಸಿಸುವ ಬಡಾವಣೆಗಳ ಕಿರುರಸ್ತೆಗಳಲ್ಲಿ ಮರಗಳು ಕಡಮೆ, ಇದ್ದವೂ ಸಣ್ಣ ಜಾತಿಯವು. ಮೊದಲು ರಸ್ತೆಯ ಅಗಲ, ಬಳಿಕ ಮರ. ಅಗಲವಾದ ರಸ್ತೆಯೋ ಹಣವಂತರ ಬಡಾವಣೆಯಲ್ಲಿ! ನಕ್ಷೆಯನ್ನು ಬರೆದ ದಿನವೇ ನೆರಳು ಯಾರ ಪಾಲಿಗೆಂಬುದು ನಿಶ್ಚಿತವಾಗಿಬಿಡುತ್ತದೆ. ಆಮೇಲೆ ಬಂದ ಒಳ್ಳೆಯ ಅಧಿಕಾರಿಯೂ ಜಾಗವಿದ್ದಲ್ಲಿ ನೆಡುತ್ತಾನೆಯೇ ಹೊರತು ಇಲ್ಲದಲ್ಲಿ ನೆಡಲಾರನು. ಸಸಿಗೆ ಬೇಲಿ ಕಟ್ಟಿಸಿ ನೀರುಣಿಸುವ ಅನುಕೂಲವಿದ್ದವರ ಮನೆಯ ಮುಂದೆ ಅದು ಬದುಕುತ್ತದೆ. ಕುಡಿಯುವ ನೀರಿಗೇ ಕೊಡಗಳ ಸಾಲು ನಿಲ್ಲುವ ಓಣಿಯಲ್ಲಿ ಅದು ಮೊದಲ ಬೇಸಗೆಗೇ ಒಣಗುತ್ತದೆ.

ಇದು ನಮ್ಮ ನಾಡಿನೊಂದರ ರೋಗವಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1930ರ ದಶಕದಲ್ಲಿ ಮನೆಸಾಲದ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿ, ಕರಿಯರೂ ವಲಸಿಗರೂ ಇರುವ ಕೇರಿಗಳಿಗೆ ಕೆಂಪು ಬಣ್ಣ ಬಳಿದು, ಅಲ್ಲಿ ಸಾಲ ಕೊಡುವುದು ಅಪಾಯವೆಂದು ಗುರುತಿಟ್ಟಿತು. ಅಂಥ 37 ನಗರಗಳನ್ನು ಕುರಿತ 2021ರ ಅಧ್ಯಯನದಲ್ಲಿ, ಅಂದು ಉತ್ತಮವೆನಿಸಿದ ಪ್ರದೇಶಗಳ ನೆಲದ ಸುಮಾರು ನೂರಕ್ಕೆ 43 ಭಾಗವನ್ನು ಮರಗಳು ಮುಚ್ಚಿದ್ದರೆ, ಕೆಂಪು ಬಣ್ಣದವುಗಳಲ್ಲಿ ಸುಮಾರು 23 ಭಾಗವನ್ನು ಮಾತ್ರವೇ ಮುಚ್ಚಿದ್ದುದು ಕಂಡಿತು. ಬಣ್ಣ ಬಳಿದವರು ಕಾಲವಾಗಿ ಎಷ್ಟೋ ವರ್ಷಗಳಾದುವು. ಬಿಸಿಲು ಮಾತ್ರ ಅದೇ ಗೆರೆಯನ್ನು ಅನುಸರಿಸುತ್ತಿದೆ.

ಈಗ ಕಾಯಕದ ಮಾತಿಗೆ ಬರುತ್ತೇನೆ. ನಮ್ಮ ಶರಣರಲ್ಲಿ ಅನೇಕರು ಬಯಲಲ್ಲಿ, ಬೀದಿಯಲ್ಲಿ, ಕಾಡಂಚಿನಲ್ಲಿ ದುಡಿದವರು. ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನವರು, ಬಿದಿರು ಕಡಿದು ಬುಟ್ಟಿ ಹೆಣೆದ ಮೇದರ ಕೇತಯ್ಯನವರು, ಕಟ್ಟಿಗೆ ಹೊತ್ತ ಮೋಳಿಗೆಯ ಮಾರಯ್ಯನವರು, ಪಾದರಕ್ಷೆ ಮಾಡಿದ ಹರಳಯ್ಯನವರು ಇವರೆಲ್ಲರಿಗೂ ಬಿಸಿಲೆಂದರೇನು, ನೆರಳೆಂದರೇನು ಎಂಬುದು ಮೈಯಿಂದ ತಿಳಿದ ವಿಷಯ. ಇಂದು ಅದೇ ಕಾಯಕವನ್ನು ಮಾಡುವವರು ಯಾರು? ಜೋಡು ಹೊಲಿಯುವವನು, ಹೂ ಕಟ್ಟುವವಳು, ಸೈಕಲ್ಲಿಗೆ ಗಾಳಿ ಹಾಕುವವನು, ತಳ್ಳುಗಾಡಿಯ ತರಕಾರಿಯವನು, ಕಸ ಗುಡಿಸುವ ಪೌರಕಾರ್ಮಿಕರು. ಇವರಿಗೆ ಮರವೇ ಅಂಗಡಿ, ಮರವೇ ಛಾವಣಿ. ಬೆಂಗಳೂರಿನ 44 ಕೊಳೆಗೇರಿಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನ್ನ ಮನಸ್ಸಿನಲ್ಲಿ ಬಹಳ ನಿಂತಿತು. ಅಲ್ಲಿ ಮರಗಳು ತೀರ ವಿರಳ. ಆದರೆ ಇದ್ದ ಒಂದೊಂದು ಮರದ ಬುಡದಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ಅವರು ಬರೆದಿದ್ದಾರೆ: ಅಡಿಗೆ, ಪಾತ್ರೆ ತೊಳೆಯುವುದು, ಮಕ್ಕಳ ಆಟ, ಹಿರಿಯರ ಮಾತುಕತೆ, ಪೊರಕೆ ಕಟ್ಟುವುದು, ಟೈರು ರಿಪೇರಿ. ನಮ್ಮ ಹಿತ್ತಿಲು, ಪಡಸಾಲೆ, ಅಡಿಗೆಮನೆಗಳೆಲ್ಲ ಮಾಡುವ ಕೆಲಸವನ್ನು ಅವರಿಗೆ ಒಂದು ಮರ ಮಾಡುತ್ತಿದೆ! ನೆಲವಿಲ್ಲದವರು ಪ್ಲಾಸ್ಟಿಕ್ ಚೀಲ, ಬಣ್ಣದ ಡಬ್ಬಿ, ಒಡೆದ ಬಕೆಟ್ಟು, ಹಳೆಯ ಪಾತ್ರೆಗಳಲ್ಲಿ ಮಣ್ಣು ತುಂಬಿ ಗಿಡ ಬೆಳೆಸಿಕೊಂಡಿದ್ದರಂತೆ. ನಿನ್ನೆ ಮೊನ್ನೆ ವಲಸೆ ಬಂದವರ ಕೇರಿಗಳಲ್ಲಿ ಅಷ್ಟೂ ಇರಲಿಲ್ಲ. ಈ ಜನರಿಗೆ ಮರದ ಬೆಲೆ ತಿಳಿಯದು, ನೆಟ್ಟರೆ ಕಿತ್ತುಹಾಕುತ್ತಾರೆ ಎಂದು ಕೆಲವು ಸದ್ಗೃಹಸ್ಥರು ಹೇಳುವುದನ್ನು ಕೇಳಿದ್ದೇನೆ. ಬಣ್ಣದ ಡಬ್ಬಿಯಲ್ಲಿ ಗಿಡ ಬೆಳೆಸಿಕೊಂಡವರನ್ನು ಕುರಿತು ಆಡುವ ಮಾತಲ್ಲ ಅದು.

ಮರವನ್ನು ಕಡಿಸುವವರು ಯಾರು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಯೋಚಿಸಬೇಕು. ಅಂಗಡಿಯ ಫಲಕ ಕಾಣುವುದಿಲ್ಲವೆಂದು, ಮೋಟಾರು ನಿಲ್ಲಿಸಲು ಎಡೆಯಿಲ್ಲವೆಂದು, ಎಲೆ ಉದುರಿ ಅಂಗಳ ಹೊಲಸಾಗುತ್ತದೆಂದು, ವಾಸ್ತುವಿಗೆ ಅಡ್ಡವೆಂದು ಮನೆಯ ಮುಂದಿನ ಮರವನ್ನು ತೆಗೆಸುವವರಲ್ಲಿ ಹಣೆಯ ತುಂಬ ವಿಭೂತಿ ಧರಿಸಿದವರೂ ಇದ್ದಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಹಾಗೆಂದು ಬುಡದ ಸುತ್ತ ಕೊರಳ ಮಟ್ಟ ಸಿಮೆಂಟು ಹಾಕಿಸಿ, ತಾನಾಗಿಯೇ ಒಣಗಿತೆಂದು ಹೇಳುವ ಜಾಣತನಕ್ಕೆ ಕಾನೂನು ಏನು ಮಾಡೀತು? ಮನೆಯ ಮುಂದಿನ ಮರ ಹೋದರೆ ಮನೆಯವನಿಗೆ ಫ್ಯಾನು ಉಂಟು, ತಂಪುಯಂತ್ರವುಂಟು. ಆ ಮರದ ಕೆಳಗೆ ಇಸ್ತ್ರಿಯ ಗಾಡಿ ಇಟ್ಟುಕೊಂಡವನಿಗೆ ಏನುಂಟು? ಒಂದೆಡೆ ಕಡಿದ ಮರಕ್ಕೆ ಬದಲಾಗಿ ಮತ್ತೊಂದೆಡೆ ಸಸಿಗಳನ್ನು ನೆಡುವ ಪದ್ಧತಿಯುಂಟು. ಸಂಖ್ಯೆಯಲ್ಲಿ ಅದು ಸರಿಹೋಗಬಹುದು. ಆದರೆ ನೆರಳನ್ನು ಕಳೆದುಕೊಂಡವನು ಒಬ್ಬ, ಇಪ್ಪತ್ತು ವರ್ಷಗಳ ಮೇಲೆ ಅದನ್ನು ಪಡೆಯುವವನು ಇನ್ನೊಬ್ಬ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಇಲ್ಲಿ ನೆನೆಯುವುದು ಯುಕ್ತ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರು ಬಿದ್ದ ಅಕ್ಕಿಯನ್ನು ಆಯ್ದು ತಂದು ಅದರಿಂದ ಜಂಗಮದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು, ನಮಗೆ ಬೇಕಾದುದಕ್ಕಿಂತ ಮಿಗಿಲಾದದ್ದು ಏಕೆ, ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಸಾಮಾನ್ಯವಾಗಿ ಈ ಪ್ರಸಂಗವನ್ನು ನಿರಾಸೆಗೂ ಕಾಯಕಶುದ್ಧಿಗೂ ದೃಷ್ಟಾಂತವಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಅವರು ತಂದುದು ಕದ್ದ ಅಕ್ಕಿಯಲ್ಲವೆಂಬುದನ್ನು ಗಮನಿಸಬೇಕು. ಅಕ್ರಮವೇನೂ ನಡೆದಿರಲಿಲ್ಲ. ತಮ್ಮ ಪಾಲಿಗೆ ಮೀರಿದ್ದು ಬಂದಿತೆಂಬುದಷ್ಟೇ ಲಕ್ಕಮ್ಮನವರಿಗೆ ಸಾಕಾಯಿತು. ನೆರಳಿನ ಬಡಾವಣೆಯಲ್ಲಿ ನಿವೇಶನ ಕೊಂಡ ಗೃಹಸ್ಥನೂ ಯಾರದನ್ನೂ ಕದ್ದವನಲ್ಲ. ಆದರೂ ಲಕ್ಕಮ್ಮನವರ ಪ್ರಶ್ನೆ ಅವನ ಬಾಗಿಲಿಗೂ ಬಂದು ನಿಲ್ಲುತ್ತದೆ. ಅಕ್ಕಿಯನ್ನಾದರೆ ಹಿಂದಕ್ಕೆ ಸುರಿದು ಬರಬಹುದು; ಬೇರೂರಿದ ಮರವನ್ನು ಎತ್ತಿ ಕೊಡಲಾಗದು, ಕೊಡಬೇಕಾಗಿಯೂ ಇಲ್ಲ. ಇಲ್ಲಿ ಕೊಡತಕ್ಕದ್ದು ಮುಂದೆ ನೆಡುವ ಮರ. ಸಂಘಗಳೂ ಯುವಕ ಮಂಡಲಗಳೂ ವರ್ಷವರ್ಷವೂ ವನಮಹೋತ್ಸವ ಮಾಡಿ, ಆಗಲೇ ಮರಗಳಿರುವ ತಮ್ಮ ಬೀದಿಯಲ್ಲಿಯೇ ಇನ್ನೆರಡು ಸಸಿ ನೆಟ್ಟು ಚಿತ್ರ ತೆಗೆಸಿಕೊಳ್ಳುವುದು ಉಂಡವನ ಎಲೆಗೆ ಮತ್ತೆ ಬಡಿಸಿದಂತೆ.

ಓಣಿಯಲ್ಲಿ ಎಡೆಯೆಲ್ಲಿದೆ ಎಂಬ ಆಕ್ಷೇಪ ನಿಜವಾದದ್ದೇ. ಎಂಟಡಿಯ ಗಲ್ಲಿಯಲ್ಲಿ ಆಲದ ಮರವನ್ನು ನೆಡುವುದು ಅವಿವೇಕ. ತಿಮ್ಮಕ್ಕನವರು ಹುಲಿಕಲ್ಲಿಗೂ ಕುದೂರಿಗೂ ನಡುವೆ ಬೆಳೆಸಿದ 385 ಆಲದ ಮರಗಳಿಗೆ ಹೆದ್ದಾರಿಯ ಎರಡು ಮಗ್ಗುಲೂ ಬಯಲು ಇದ್ದಿತು. ಗಲ್ಲಿಗೆ ಹೊಂದುವುವು ಬೇರೆ. ನುಗ್ಗೆ ಬೇಗ ಬೆಳೆಯುತ್ತದೆ, ಕಾಯಿಸೊಪ್ಪುಗಳಿಂದ ಒಲೆಗೆ ನೆರವಾಗುತ್ತದೆ. ಕೊಂಬೆ ಮಾತ್ರ ಪೆಡಸು, ಮುರಿಯುತ್ತದೆ. ಕರಿಬೇವು, ಪಾರಿಜಾತಗಳು ಮೂಲೆಯೊಂದರಲ್ಲಿ ನಿಲ್ಲಬಲ್ಲವು. ಸ್ವಲ್ಪ ಅಗಲವಿದ್ದಲ್ಲಿ ಹೊಂಗೆಗೆ ಸಮನಾದದ್ದಿಲ್ಲ. ಯುಗಾದಿಯ ಹೊತ್ತಿಗೆ ಹೊಸ ಎಲೆಯೊಡೆದು, ಬಿಸಿಲು ಬಲಿತಾಗಲೇ ದಟ್ಟ ನೆರಳನ್ನು ಕೊಡುವ ಮರವದು. ಬಿಲ್ವವನ್ನು ಮರೆಯಬಾರದು. (ಪೂಜೆಗೆ ಪತ್ರೆಪುಷ್ಪ ಬೇಕೆಂದು ನಸುಕಿನಲ್ಲಿ ಪರರ ಬೇಲಿಗೆ ಕೊಕ್ಕೆ ಹಾಕುವ ಭಕ್ತರು ಪ್ರತಿಯೊಂದು ಬಡಾವಣೆಯಲ್ಲಿಯೂ ಇದ್ದಾರೆ. ತಾವೇ ಒಂದು ಬಿಲ್ವವನ್ನು ನೆಟ್ಟರೆ ಅವರ ಪೂಜೆಯೂ ನಿರ್ಮಲವಾದೀತು.)

ಗಲ್ಲಿಯಲ್ಲಿಯೇ ಆಗದಿದ್ದರೆ ಗಲ್ಲಿಯ ಜನ ಕಾಲ್ನಡಿಗೆಯಿಂದ ಮುಟ್ಟುವ ಕಡೆ ಆಗಬಹುದು: ಸರ್ಕಾರಿ ಶಾಲೆಯ ಅಂಗಳ, ಬಸ್ಸಿನ ನಿಲ್ದಾಣ, ಆಸ್ಪತ್ರೆಯ ಹಿಂಬದಿ, ಕೆರೆಯ ಏರಿಯ ಕೆಳಗು. ನಮ್ಮ ಸಮಾಜಕ್ಕೆ ಇನ್ನೊಂದು ನೆಲವೂ ಇದೆ. ಲಿಂಗೈಕ್ಯರಾದವರನ್ನು ಭೂಮಿಗೆ ಒಪ್ಪಿಸುವ ಸಂಪ್ರದಾಯವಿರುವುದರಿಂದ ಅನೇಕ ಊರುಗಳ ನಡುವೆ ರುದ್ರಭೂಮಿಗಳು ಉಳಿದಿವೆ. ಊರು ಬೆಳೆದು ಅವುಗಳ ಸುತ್ತ ಇಕ್ಕಟ್ಟಾದ ಕೇರಿಗಳೇ ಎದ್ದಿವೆ. ಅಲ್ಲಿ ಬೇಲಿಯ ಗುಂಟ ಹೊಂಗೆ, ಬೇವು, ನೇರಳೆಗಳನ್ನು ಹಾಕಿದರೆ ಸಮಾಧಿಗಳಿಗೂ ಭಂಗವಿಲ್ಲ, ಹೊರಗಿನ ಕೇರಿಗೂ ನೆರಳು ಬೀಳುತ್ತದೆ. ಮರವು ಶಾಸ್ತ್ರದ ಎಣಿಕೆಯಲ್ಲಿ ಸ್ಥಾವರ. ಅದರ ನೆರಳು ಮಾತ್ರ ದಿನವೆಲ್ಲ ನಡೆಯುತ್ತಲೇ ಇರುತ್ತದೆ, ಗೋಡೆಯ ಆಚೆಗೂ ಹೋಗುತ್ತದೆ.

ಮಠಗಳ ಆವರಣಗಳ ವಿಷಯವಾಗಿ ಪೂಜ್ಯರ ಪಾದಗಳಲ್ಲಿ ಒಂದು ಬಿನ್ನಹವುಂಟು. ನಗರಗಳಲ್ಲಿ ಅನೇಕ ಉದ್ಯಾನಗಳಿಗೆ ಬಹುಕಾಲ ನಡುಹಗಲಿನಲ್ಲಿಯೇ ಬೀಗ ಬೀಳುತ್ತಿದ್ದಿತು. ಬೆಳಗ್ಗೆ ಸಂಜೆ ವಾಯುವಿಹಾರಕ್ಕೆ ಬರುವವರಿಗೆ ಅದರಿಂದ ತೊಂದರೆಯಿಲ್ಲ, ಬುಟ್ಟಿ ಇಳಿಸಿ ಒಂದು ಗಳಿಗೆ ಒರಗಬೇಕಾದವನಿಗೆ ಅದೇ ಹೊತ್ತು. ನಮ್ಮ ಮಠಗಳಲ್ಲಿಯೂ ಹಲವೆಡೆ ಹಳೆಯ ಹುಣಿಸೆ, ಮಾವು, ಬಿಲ್ವಗಳ ತೋಪು ಉಂಟು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಬಾಗಿಲನ್ನು ತೆರೆದಿಟ್ಟು, ಮರದ ಬುಡದಲ್ಲಿ ಎರಡು ಮಡಕೆ ನೀರಿಡಿಸಿದರೆ ಖರ್ಚೇನೂ ಇಲ್ಲ.

ಕೇರಿಗೆ ಹೋಗಿ ನೆಡುವವರು ನೆನಪಿಡತಕ್ಕ ಸಂಗತಿಯೊಂದುಂಟು. ದಾಸೋಹದಲ್ಲಿ ಜಂಗಮನನ್ನು ಕೇಳದೆ ಬಡಿಸುವುದಿಲ್ಲ. ಮೊದಲು ಆ ಕೇರಿಯ ತಾಯಂದಿರನ್ನು ಕೂಡಿಸಿ ಯಾವ ಮರ ಬೇಕು, ಎಲ್ಲಿ ಬೇಕು ಎಂದು ಕೇಳಬೇಕು. ಚರಂಡಿಯ ಕಲ್ಲನ್ನು ಬೇರು ಎತ್ತೀತೆಂದು, ಮುಂಗಾರಿನ ಮೊದಲ ಗಾಳಿಗೆ ಕೊಂಬೆ ತಗಡಿನ ಮೇಲೆ ಬಿದ್ದೀತೆಂದು, ವಿದ್ಯುತ್ತಿನ ತಂತಿಗೆ ತಾಗೀತೆಂದು ಅವರು ಹೆದರಿದರೆ ಅದು ಬರಿಯ ಹಟವಲ್ಲ. ಬಿದ್ದರೆ ಬೀಳುವುದು ಅವರ ಮನೆಯ ಮೇಲೆ. ಮರ ಬಂದು ಬೀದಿ ಚೆಲುವಾದರೆ ಬಾಡಿಗೆ ಏರಿಸುತ್ತಾರೆಂದು ಅಂಜುವವರೂ ಇದ್ದಾರೆ. ಅದಕ್ಕೆ ಉತ್ತರ ಸಸಿ ತರುವವರ ಕೈಯಲ್ಲಿಲ್ಲ. ಆದರೆ ಅಲ್ಲಿ ಬಾಡಿಗೆಮನೆಗಳ ಒಡೆಯರಾದ ನಮ್ಮ ಸದ್ಭಕ್ತರ ಕೈಯಲ್ಲಿದೆ.

ನೆಟ್ಟ ಮೇಲೆ ಮೂರು ಬೇಸಗೆ ನೀರು ಬೇಕು. ಮೂರಡಿ ಗುಂಡಿ ತೋಡಿ, ಬುಡದ ಸುತ್ತ ಮಣ್ಣು ತೆರೆದಿರುವಂತೆ ಬಿಟ್ಟು, ಆಡುಮೇಕೆಗಳು ಮೇಯದಂತೆ ಬೇಲಿ ಕಟ್ಟಬೇಕು. ನೀರಿನ ಹೊಣೆಯನ್ನು ನೀರಿಲ್ಲದವರ ಮೇಲೆ ಹೊರಿಸಬಾರದು. ವಾರಕ್ಕೆರಡು ಸಲ ಕೊಡ ಹೊತ್ತು ಹೋಗುವವರ ಸರದಿಯ ಪಟ್ಟಿಯನ್ನು ಸಸಿ ತರುವ ಮೊದಲೇ ಬರೆಯಬೇಕು. ನೂರು ಸಸಿಗಳಿಗೆ ಪಟ್ಟಿ ತುಂಬದಿದ್ದರೆ ಹತ್ತನ್ನು ನೆಟ್ಟರೆ ಸಾಕು.

ಬರುವ ಸೋಮವಾರದ ಶಿವಾನುಭವ ಗೋಷ್ಠಿಗೆ ಬರುವವರು ಎರಡು ಅಂಕೆಗಳನ್ನು ಬರೆದುಕೊಂಡು ಬರತಕ್ಕದ್ದು. ತಮ್ಮ ಬೀದಿಯಲ್ಲಿ, ಈ ತುದಿಯಿಂದ ಆ ತುದಿಯವರೆಗೆ, ಒಬ್ಬ ಮನುಷ್ಯ ನಿಲ್ಲುವಷ್ಟಾದರೂ ನೆರಳು ಕೊಡುವ ಮರಗಳೆಷ್ಟು ಎಂಬುದು ಮೊದಲನೆಯದು. ತಮ್ಮ ಮನೆಯ ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು ಬರುವ ತಾಯಿ ವಾಸಿಸುವ ಬೀದಿಯಲ್ಲಿ ಅಂಥವು ಎಷ್ಟು ಎಂಬುದು ಎರಡನೆಯದು. ಎರಡನೆಯದನ್ನು ಆಕೆಯನ್ನು ಕೇಳಿ ಬರೆದುಕೊಳ್ಳದೆ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅಲ್ಲಿಗೆ ನಡೆದುಹೋಗಿ ಎಣಿಸಿ ಬರಬೇಕು.